ಸೂಪಾದಲ್ಲಿ ನೀರು, ಮುಂಬಯಿಯಲ್ಲಿ ಡಾಲರು

2022ರ ಮಾರ್ಚ್ ತಿಂಗಳಲ್ಲಿ ಶ್ರೀಲಂಕಾದ ಪಶ್ಚಿಮ ಪ್ರಾಂತ್ಯದ ಶಾಲೆಗಳಲ್ಲಿ ನಡೆಯಬೇಕಾಗಿದ್ದ ಪರೀಕ್ಷೆಗಳನ್ನು ಮುಂದೂಡಲಾಯಿತು. ಗಲಭೆ ಇರಲಿಲ್ಲ, ಪ್ರವಾಹ ಬಂದಿರಲಿಲ್ಲ, ಪ್ರಶ್ನೆಪತ್ರಿಕೆ ಬಯಲಾಗಿರಲೂ ಇಲ್ಲ. ಪ್ರಶ್ನೆಪತ್ರಿಕೆ ಮುದ್ರಿಸಲು ಬೇಕಾದ ಕಾಗದವೇ ಇರಲಿಲ್ಲ. ಕಾಗದವನ್ನೂ ಶಾಯಿಯನ್ನೂ ಹೊರಗಿನಿಂದ ತರಿಸಿಕೊಳ್ಳುವ ಆ ದೇಶದ ಬಳಿ ಅದಕ್ಕೆ ತೆರಲು ಡಾಲರ್ ಉಳಿದಿರಲಿಲ್ಲ. ಮುಂದಿನ ತಿಂಗಳೇ ಹೊರಸಾಲದ ಕಂತು ಕಟ್ಟಲಾರೆವೆಂದು ಅಲ್ಲಿನ ಸರ್ಕಾರ ಕೈಯೆತ್ತಿತು.

ಕಾಗದದ ಊರಾದ ದಾಂಡೇಲಿಯ ಮಕ್ಕಳಿಗೆ ಇದು ನಂಬಲಾಗದ ಸುದ್ದಿಯೆನಿಸಬಹುದು. ಕಾಳಿ ನದಿಯ ದಂಡೆಯ ಕಾರ್ಖಾನೆಯಲ್ಲಿ 1950ರ ದಶಕದಿಂದಲೂ ಕಾಗದ ತಯಾರಾಗುತ್ತಿದೆ. ಆದರೆ ಕಾಗದ ಇದ್ದರೆ ಸಾಕೆ? ಆ ಕಾಗದವನ್ನು ಹೊರುವ ಲಾರಿಗೆ ಡೀಸೆಲ್ ಬೇಕು. ಅದರ ಕಚ್ಚಾತೈಲ ಬಹುಪಾಲು ಹೊರದೇಶದ್ದು. ಹಳಿಯಾಳದ ಕಬ್ಬಿಗೆ, ಮುಂಡಗೋಡದ ಭತ್ತಕ್ಕೆ ಹಾಕುವ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹಡಗಿನಲ್ಲೇ ಬರಬೇಕು. ಇವುಗಳ ಮಾರಾಟಗಾರ ರೂಪಾಯಿಯನ್ನು ಮುಟ್ಟುವುದು ಅಪರೂಪ, ಡಾಲರನ್ನೇ ಕೇಳುತ್ತಾನೆ. ಆ ಡಾಲರು ಕೈತಪ್ಪಿದ ದಿನ ಏನಾದೀತು ಎಂಬ ಭಯದಿಂದಲೇ ಪ್ರತಿಯೊಂದು ದೇಶವೂ ಒಂದಿಷ್ಟು ವಿದೇಶಿ ವಿನಿಮಯವನ್ನು ಮೀಸಲಾಗಿ ಕೂಡಿಡುತ್ತದೆ.

ಭಾರತದ ಈ ಮೀಸಲು 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ 70 ಸಾವಿರ ಕೋಟಿ ಡಾಲರ್ ದಾಟಿತು. ಅಂದಿನ ದರದಲ್ಲಿ ಸುಮಾರು 59 ಲಕ್ಷ ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತ ಪತ್ರಿಕೆಯಲ್ಲಿ ಅಚ್ಚಾದ ಕೂಡಲೆ ಕಾಲೇಜಿನ ಹುಡುಗರು ಕೇಳುವ ಪ್ರಶ್ನೆ ಒಂದೇ: ಇಷ್ಟೊಂದು ಹಣ ಸುಮ್ಮನೆ ಬಿದ್ದಿದ್ದರೆ ಜೋಯಿಡಾದ ಹಳ್ಳಿಗಳಿಗೆ ರಸ್ತೆ, ಸೇತುವೆ ಏಕೆ ಆಗಬಾರದು? ಪ್ರಶ್ನೆ ನ್ಯಾಯವಾದದ್ದೇ. ದೆಹಲಿಯ ದೊಡ್ಡವರೂ ಇದನ್ನು ಕೇಳಿದ್ದುಂಟು. ಉತ್ತರ ತಿಳಿಯಬೇಕಾದರೆ ಮೊದಲು ಆ ಹಣ ಎಲ್ಲಿಂದ ಬಂತು, ಈಗ ಎಲ್ಲಿದೆ ಎಂಬುದನ್ನು ನೋಡಬೇಕು.

ಮುಂಡಗೋಡದಿಂದಲೇ ಆರಂಭಿಸಬಹುದು. 1966ರಲ್ಲಿ ಅಲ್ಲಿ ಟಿಬೆಟನ್ನರ ವಸತಿ ನೆಲೆಗೊಂಡಿತು. ಬಳಿಕ ದ್ರೆಪುಂಗ್ ಮತ್ತು ಗಾಂದೆನ್ ಮಠಗಳು ಅಲ್ಲೇ ಮರುಹುಟ್ಟು ಪಡೆದವು. ಅಮೆರಿಕದಲ್ಲೋ ಸ್ವಿಟ್ಜರ್ಲೆಂಡಿನಲ್ಲೋ ಇರುವ ಬಂಧುವೊಬ್ಬ ಕ್ಯಾಂಪಿನಲ್ಲಿರುವ ತನ್ನ ತಾಯಿಗೆ ಸಾವಿರ ಡಾಲರ್ ಕಳಿಸಿದನೆನ್ನಿ. ತಾಯಿಯ ಕೈಗೆ ಬರುವುದು ರೂಪಾಯಿ. ಡಾಲರ್ ಬ್ಯಾಂಕಿನ ಪಾಲಾಗುತ್ತದೆ. ಬ್ಯಾಂಕು ಅದನ್ನು ವಿನಿಮಯ ಪೇಟೆಯಲ್ಲಿ ಮಾರುತ್ತದೆ. ಕೊಳ್ಳುವವರು ಕಡಮೆಯಾಗಿ ಡಾಲರಿನ ಬೆಲೆ ಕುಸಿಯುವಂತಿದ್ದರೆ ರಿಸರ್ವ್ ಬ್ಯಾಂಕು ತಾನೇ ಕೊಳ್ಳುತ್ತದೆ. ಕೊಂಡದ್ದಕ್ಕೆ ಬದಲಾಗಿ ಬ್ಯಾಂಕಿನ ಖಾತೆಗೆ ಹೊಸದಾಗಿ ರೂಪಾಯಿ ಜಮಾ ಮಾಡುತ್ತದೆ. ಭಟ್ಕಳದವನು ದುಬೈನಿಂದ ಕಳಿಸಿದ ಹಣ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯ ಗಳಿಕೆ, ಮುಂಬಯಿಯ ಷೇರುಪೇಟೆಗೆ ಬಂದ ಪರದೇಶಿ ಬಂಡವಾಳ ಎಲ್ಲಕ್ಕೂ ದಾರಿ ಇದೇ. 2021-22ರ ಹಂಗಾಮಿನಲ್ಲಿ ದೇಶ ಒಂದು ಕೋಟಿ ಟನ್ನಿಗೂ ಮಿಕ್ಕಿ ಸಕ್ಕರೆ ರಫ್ತು ಮಾಡಿದಾಗ ಬಂದ ಡಾಲರುಗಳೂ ಹೀಗೆಯೇ ಹಾದು ಹೋದವು.

ಇಲ್ಲೊಂದು ಸೂಕ್ಷ್ಮವಿದೆ. ಡಾಲರ್ ನೋಟುಗಳು ಕಟ್ಟುಕಟ್ಟಾಗಿ ಮುಂಬಯಿಗೆ ಬಂದು ಕಪಾಟು ಸೇರುವುದಿಲ್ಲ. ಅವು ನ್ಯೂಯಾರ್ಕಿನ ಬ್ಯಾಂಕ್ ಪುಸ್ತಕದಲ್ಲಿ ಒಂದು ಹೆಸರಿನಿಂದ ಇನ್ನೊಂದು ಹೆಸರಿಗೆ ಬದಲಾಗುವ ಅಂಕಿಗಳು. ಮತ್ತೊಂದು ಸಂಗತಿ ಅದಕ್ಕಿಂತ ಮುಖ್ಯ: ಪ್ರತಿ ಡಾಲರಿಗೂ ರಿಸರ್ವ್ ಬ್ಯಾಂಕು ಆಗಲೇ ರೂಪಾಯಿ ತೆತ್ತಿದೆ. ಆ ರೂಪಾಯಿ ಮುಂಡಗೋಡದ ಅಂಗಡಿಯಲ್ಲಿ ಅಕ್ಕಿಯಾಗಿಯೋ ಹಳಿಯಾಳದ ರೈತನ ಕಬ್ಬಿನ ಬಿಲ್ಲಾಗಿಯೋ ಈಗಾಗಲೇ ಓಡಾಡುತ್ತಿದೆ.

ಈ ಮೀಸಲಿನ ಸ್ವಭಾವ ಅರಿಯಲು ಗಣೇಶಗುಡಿಯ ಸೂಪಾ ಜಲಾಶಯಕ್ಕಿಂತ ಒಳ್ಳೆಯ ಪಾಠವಿಲ್ಲ. ಸುಮಾರು 145 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಮಳೆಗಾಲದಲ್ಲಿ ತುಂಬಿಕೊಳ್ಳುತ್ತದೆ. ನೀರು ಇದೆಯಲ್ಲ ಎಂದು ಸೆಪ್ಟೆಂಬರಿನಲ್ಲೇ ತೂಬು ಪೂರ್ತಿ ತೆರೆದರೆ ಏಪ್ರಿಲ್-ಮೇ ತಿಂಗಳಲ್ಲಿ ನಾಗಝರಿಯ ಯಂತ್ರಗಳು ತಿರುಗುವುದು ಹೇಗೆ? ಮಳೆ ಕೈಕೊಟ್ಟ ವರ್ಷದ ಗತಿಯೇನು? ಮೇಲಿನವರು ನೀರನ್ನು ಅಳೆದಳೆದು ಬಿಡುವುದು ಅದಕ್ಕೇ. ಹಾಗೆಂದು ನೀರು ವ್ಯರ್ಥವಾಗಿ ನಿಂತಿದೆಯೆಂದಲ್ಲ. ಅಲ್ಲಿರುವುದೇ ಅದರ ಕೆಲಸ. ಕೂಡಿಡುವುದಕ್ಕೂ ಒಂದು ಬೆಲೆ ಇರುತ್ತದೆ. ಹಳೆಯ ಸೂಪಾ ಊರು ಮುಳುಗಿ, ಅಲ್ಲಿನ ಜನ ರಾಮನಗರದ ಕಡೆ ಹೊಸ ಬಾಳು ಕಟ್ಟಿಕೊಳ್ಳಬೇಕಾಯಿತು. ಡಾಲರ್ ಮೀಸಲಿಗೂ ಬೆಲೆ ತೆರುವವರು ಇದ್ದಾರೆ. ಅವರು ಕಣ್ಣಿಗೆ ಕಾಣುವುದಿಲ್ಲ ಅಷ್ಟೆ.

ಒಂದು ಕಡೆ ಮಾತ್ರ ಹೋಲಿಕೆ ಕೈಬಿಡುತ್ತದೆ. ಸೂಪಾದ ನೀರು ನಮ್ಮ ಕಾಡಿನ ಮೇಲೆ ಬಿದ್ದ ಮಳೆ. ಅದನ್ನು ವಾಪಸು ಕೊಡಿ ಎಂದು ಯಾರೂ ಕೇಳುವುದಿಲ್ಲ. ಕಾಳಿ ಹಿಂದಕ್ಕೆ ಹರಿಯುವುದಿಲ್ಲ. ಡಾಲರ್ ಹರಿಯುತ್ತದೆ.

ಈಗ ಆ ಹಣ ಎಲ್ಲಿದೆ ಎಂಬ ವಿಷಯ. ರಿಸರ್ವ್ ಬ್ಯಾಂಕು ಆರು ತಿಂಗಳಿಗೊಮ್ಮೆ ಇದರ ಲೆಕ್ಕವನ್ನು ಪ್ರಕಟಿಸುತ್ತದೆ. ವಿದೇಶಿ ಕರೆನ್ಸಿಯ ರೂಪದಲ್ಲಿರುವ ಆಸ್ತಿಯಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಭಾಗ ಹೊರದೇಶಗಳ ಸಾಲಪತ್ರಗಳಲ್ಲಿದೆ, ಅದರಲ್ಲೂ ಹೆಚ್ಚಾಗಿ ಸರ್ಕಾರಿ ಸಾಲಪತ್ರಗಳಲ್ಲಿ. ಉಳಿದದ್ದು ಬೇರೆ ದೇಶಗಳ ಕೇಂದ್ರೀಯ ಬ್ಯಾಂಕುಗಳಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಅಂತಾರಾಷ್ಟ್ರೀಯ ಪಾವತಿಗಳ ಬ್ಯಾಂಕಿನಲ್ಲಿ ಮತ್ತು ಕೆಲವು ವಾಣಿಜ್ಯ ಬ್ಯಾಂಕುಗಳಲ್ಲಿ ಠೇವಣಿಯಾಗಿದೆ. ಅಮೆರಿಕ ಸರ್ಕಾರದ ಸಾಲಪತ್ರಗಳಲ್ಲೇ 2024ರಲ್ಲಿ ಭಾರತದ ಪಾಲು 20 ಸಾವಿರ ಕೋಟಿ ಡಾಲರಿಗೂ ಹೆಚ್ಚಿತ್ತು. ನೇರವಾಗಿ ಹೇಳಬೇಕೆಂದರೆ, ಮುಂಡಗೋಡದ ತಾಯಿಗೆ ಬಂದ ಡಾಲರನ್ನು ನಾವು ಅಮೆರಿಕದ ಸರ್ಕಾರಕ್ಕೇ ತಿರುಗಿ ಸಾಲ ಕೊಟ್ಟಿದ್ದೇವೆ!

ಬಡ ದೇಶ ಸಿರಿವಂತ ದೇಶಕ್ಕೆ ಸಾಲ ಕೊಡುವುದೆಂದರೆ ವಿಚಿತ್ರವೇ ಸರಿ. ಅದೂ ಚಿಲ್ಲರೆ ಬಡ್ಡಿಗೆ. 2020ರ ಬಹುಭಾಗ ಅಮೆರಿಕದ ಹತ್ತು ವರ್ಷದ ಸಾಲಪತ್ರದ ಬಡ್ಡಿ ನೂರಕ್ಕೆ 1ಕ್ಕಿಂತ ಕೆಳಗಿತ್ತು. ಅದೇ ಹೊತ್ತಿಗೆ ನಮ್ಮ ಸರ್ಕಾರ ತನ್ನ ಸಾಲಕ್ಕೆ ನೂರಕ್ಕೆ 6ರ ಆಸುಪಾಸು ತೆರುತ್ತಿತ್ತು. ಈ ಎರಡರ ನಡುವಿನ ಅಂತರವೇ ಮೀಸಲಿನ ಬೆಲೆ. ಡಾಲರ್ ಕೊಳ್ಳಲು ಹೊರಬಿಟ್ಟ ರೂಪಾಯಿ ಮಿತಿಮೀರಿ ಪೇಟೆಯಲ್ಲಿ ಬೆಲೆ ಏರುವಂತಾದರೆ ಅದನ್ನು ಮತ್ತೆ ಹೀರಿಕೊಳ್ಳಬೇಕು. 2004ರಲ್ಲಿ ಇದಕ್ಕೆಂದೇ ಸರ್ಕಾರ ವಿಶೇಷ ಸಾಲಪತ್ರಗಳನ್ನು ಹೊರಡಿಸಿ, ಬಂದ ಹಣವನ್ನು ಖರ್ಚು ಮಾಡದೆ ರಿಸರ್ವ್ ಬ್ಯಾಂಕಿನಲ್ಲೇ ಇಟ್ಟಿತು. ಅದರ ಬಡ್ಡಿ ತೆತ್ತದ್ದು ಬೊಕ್ಕಸ, ಎಂದರೆ ತೆರಿಗೆ ಕಟ್ಟುವ ನೀವು, ನಾವು.

ಆದರೂ ಈ ವ್ಯವಹಾರದಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಸ್ಪಷ್ಟ. ಮೊದಲು ಹಣ ಭದ್ರವಾಗಿರಬೇಕು. ಎರಡನೆಯದಾಗಿ, ಬೇಕೆಂದ ದಿನ ಕೈಗೆ ಸಿಗುವಂತಿರಬೇಕು. ಇವೆರಡೂ ಆದ ಮೇಲೆ ಬಡ್ಡಿಯ ಮಾತು. ಮಗಳ ಕಾಲೇಜು ಶುಲ್ಕದ ಹಣವನ್ನು ತಂದೆ-ತಾಯಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನ ಠೇವಣಿಯಲ್ಲೋ ಇಡುತ್ತಾರೆಯೇ ಹೊರತು ಗದ್ದೆ ಕೊಂಡು ಹಾಕುವುದಿಲ್ಲ. ಗದ್ದೆಯ ಬೆಲೆ ಏರಬಹುದು. ಆದರೆ ಜೂನ್ ತಿಂಗಳಲ್ಲಿ ಶುಲ್ಕ ಕಟ್ಟುವಾಗ ಗದ್ದೆ ಮಾರಾಟವಾಗಿರಬೇಕಲ್ಲ! ಹೆಚ್ಚು ಬಡ್ಡಿಯ ಆಸೆಗೆ ಚೀಟಿ ಕಂಪನಿಗೆ ದುಡ್ಡು ಕಟ್ಟಿ ಕೆಟ್ಟವರ ಕಥೆ ಊರೂರಿಗೂ ಗೊತ್ತಿರುವಂಥದೇ.

ಹಾಗಾದರೆ ಬೇರೆ ದೇಶಗಳು ಇದೇ ಹಣದಿಂದ ಕಂಪನಿಗಳನ್ನೂ ಕಟ್ಟಡಗಳನ್ನೂ ಕೊಳ್ಳುತ್ತವಲ್ಲ ಎಂದು ಕೇಳಬಹುದು. ಕೊಳ್ಳುತ್ತವೆ, ನಿಜ. ಅವುಗಳ ಪೈಕಿ ಎಲ್ಲಕ್ಕಿಂತ ದೊಡ್ಡದರ ಕಥೆ ಜೋಯಿಡಾ ತಾಲ್ಲೂಕನ್ನು ಹಾದೇ ಹೋಗಿದೆ.

ಗೋವಾ ಗಡಿಯ ಕ್ಯಾಸಲ್‌ರಾಕ್ ರೈಲು ನಿಲ್ದಾಣವನ್ನು ಅಲ್ಲಿನವರೆಲ್ಲ ಬಲ್ಲರು. 1961ರವರೆಗೆ ಅದು ಪೋರ್ಚುಗೀಸರ ಸೀಮೆಗೆ ಹೊಂದಿಕೊಂಡ ಗಡಿ ನಿಲ್ದಾಣ. ಈ ಶತಮಾನದ ಮೊದಲ ದಶಕದಲ್ಲಿ ಬಳ್ಳಾರಿ-ಹೊಸಪೇಟೆಯ ಕಬ್ಬಿಣದ ಅದಿರನ್ನು ಹೊತ್ತ ಗೂಡ್ಸ್ ರೈಲುಗಳು ಇದೇ ಘಟ್ಟ ಇಳಿದು ಮರ್ಮಗೋವಾ ಬಂದರು ಸೇರುತ್ತಿದ್ದವು. 2010ರ ಜುಲೈನಲ್ಲಿ ಕರ್ನಾಟಕ ಸರ್ಕಾರ ಅದಿರಿನ ರಫ್ತನ್ನು ನಿಷೇಧಿಸುವವರೆಗೆ ಈ ವ್ಯಾಪಾರ ಭರದಿಂದ ನಡೆಯಿತು. ಭಾರತದ ಅದಿರಿಗೆ ದೊಡ್ಡ ಗಿರಾಕಿ ಚೀನಾ. ಅದಿರು ಅಲ್ಲಿ ಉಕ್ಕಾಯಿತು, ಉಕ್ಕು ಯಂತ್ರವಾಯಿತು, ಪಾತ್ರೆಯಾಯಿತು, ಸೈಕಲ್ ಆಯಿತು. ಅವು ಅಮೆರಿಕದ ಅಂಗಡಿಗಳಿಗೆ ಹೋದವು. ಅಮೆರಿಕ ಡಾಲರ್ ಕೊಟ್ಟಿತು.

ಆ ಡಾಲರನ್ನು ಚೀನಾ ಏನು ಮಾಡಿತು ಎಂಬುದರಲ್ಲೇ ರಫ್ತನ್ನು ನಂಬಿದ ಅರ್ಥವ್ಯವಸ್ಥೆಯ ಗುಟ್ಟಿದೆ. ರಫ್ತುದಾರರು ತಂದ ಡಾಲರೆಲ್ಲ ಪೇಟೆಗೆ ಬಿದ್ದರೆ ಚೀನಾದ ಯುವಾನ್ ದುಬಾರಿಯಾಗುತ್ತದೆ. ಯುವಾನ್ ದುಬಾರಿಯಾದರೆ ಚೀನಾದ ಸರಕು ದುಬಾರಿಯಾಗುತ್ತದೆ. ಸರಕು ದುಬಾರಿಯಾದರೆ ಗಿರಾಕಿ ಬೇರೆ ಅಂಗಡಿ ನೋಡುತ್ತಾನೆ. ಇದನ್ನು ತಪ್ಪಿಸಲು ಅಲ್ಲಿನ ಕೇಂದ್ರೀಯ ಬ್ಯಾಂಕು ಡಾಲರುಗಳನ್ನು ಬಾಚಿಬಾಚಿ ಕೊಂಡಿತು. 2005ರ ಜುಲೈವರೆಗೆ ವರ್ಷಗಟ್ಟಲೆ ಒಂದು ಡಾಲರಿಗೆ 8.28 ಯುವಾನ್ ಎಂಬ ದರವನ್ನು ಅಲುಗಾಡಲು ಬಿಡಲಿಲ್ಲ. ಕೊಂಡದ್ದನ್ನು ಅಮೆರಿಕದ ಸಾಲಪತ್ರಗಳಲ್ಲಿ ತೊಡಗಿಸಿತು. ಅಂಗಡಿಯವನೇ ಗಿರಾಕಿಗೆ ಸಾಲ ಕೊಟ್ಟು, ಆ ಸಾಲದಿಂದಲೇ ತನ್ನ ಸರಕನ್ನು ಕೊಳ್ಳುವಂತೆ ಮಾಡಿದ ಹಾಗೆ! 2014ರ ಜೂನ್ ವೇಳೆಗೆ ಚೀನಾದ ಮೀಸಲು ಹತ್ತಿರ ಹತ್ತಿರ 4 ಲಕ್ಷ ಕೋಟಿ ಡಾಲರ್ ಮುಟ್ಟಿತ್ತು.

ಅಷ್ಟು ಹಣಕ್ಕೆ ಬರಿ ಸಾಲಪತ್ರದ ಬಡ್ಡಿ ಸಾಲದೆನಿಸಿ 2007ರಲ್ಲಿ ಚೀನಾ 20 ಸಾವಿರ ಕೋಟಿ ಡಾಲರ್ ಬಂಡವಾಳದ ಪ್ರತ್ಯೇಕ ಹೂಡಿಕೆ ನಿಗಮವೊಂದನ್ನು ತೆರೆಯಿತು. ಅದರ ಮೊದಲ ದೊಡ್ಡ ಸಾಹಸವೇ ಪಾಠವಾಯಿತು. ನಿಗಮ ವಿಧ್ಯುಕ್ತವಾಗಿ ಆರಂಭವಾಗುವ ಮೊದಲೇ ಅದರ ಹೆಸರಿನಲ್ಲಿ ಅಮೆರಿಕದ ಬ್ಲಾಕ್‌ಸ್ಟೋನ್ ಎಂಬ ಹೂಡಿಕೆ ಕಂಪನಿಯಲ್ಲಿ 300 ಕೋಟಿ ಡಾಲರ್ ಹಾಕಲಾಯಿತು. ಮರುವರ್ಷ ಅಮೆರಿಕದ ಪೇಟೆ ಕುಸಿಯಿತು. 2009ರ ಆರಂಭಕ್ಕೆ ಆ ಷೇರಿನ ಬೆಲೆ ಕೊಂಡ ದರದ ಐದನೆಯ ಒಂದು ಭಾಗಕ್ಕಿಂತ ಕೆಳಗಿತ್ತು. ಚೀನಾದ ಜನರೇ ಸಿಟ್ಟಿಗೆದ್ದರು. ಆದರೆ ದೇಶ ಅದರಿಂದ ಮುಳುಗಲಿಲ್ಲ. ತಾಳಿಕೊಳ್ಳುವಷ್ಟು ಮಿಗುತಾಯ ಇತ್ತು, ಕಾಯಲು ವ್ಯವಧಾನವಿತ್ತು.

ಸಿಂಗಪುರ 1981ರಲ್ಲೇ ಇಂಥದೊಂದು ಸಂಸ್ಥೆ ತೆರೆದಿತ್ತು. ಅಲ್ಲಿ ಇನ್ನೂ ಒಂದು ಬಿಗಿ ಇದೆ: ಹಿಂದಿನ ಸರ್ಕಾರಗಳು ಕೂಡಿಟ್ಟ ಗಂಟನ್ನು ಇಂದಿನ ಸರ್ಕಾರ ತನ್ನಷ್ಟಕ್ಕೆ ಮುಟ್ಟುವಂತಿಲ್ಲ, ಜನರಿಂದ ಚುನಾಯಿತರಾದ ರಾಷ್ಟ್ರಾಧ್ಯಕ್ಷರ ಒಪ್ಪಿಗೆ ಬೇಕು. ನಾರ್ವೆ ತೈಲ ಮಾರಿ ಬಂದ ಹಣವನ್ನು ಮುಂದಿನ ಪೀಳಿಗೆಗೆಂದು ನಿಧಿ ಮಾಡಿ ಲೋಕದ ಸಾವಿರಾರು ಕಂಪನಿಗಳಲ್ಲಿ ಷೇರು ಕೊಂಡಿದೆ.

ಈ ದೇಶಗಳಿಗೂ ನಮಗೂ ವ್ಯತ್ಯಾಸ ಎಲ್ಲಿದೆ? ಅವು ಕೊಂಡದ್ದಕ್ಕಿಂತ ಹೆಚ್ಚು ಮಾರಿ ಉಳಿಸಿದವು. ನಾವು ಮಾರಿದ್ದಕ್ಕಿಂತ ಹೆಚ್ಚು ಕೊಳ್ಳುವವರು. 2023-24ರಲ್ಲಿ ಭಾರತ ರಫ್ತು ಮಾಡಿದ ಸರಕಿನ ಮೌಲ್ಯ ಸುಮಾರು 43,700 ಕೋಟಿ ಡಾಲರ್. ಆಮದು ಮಾಡಿದ್ದು ಸುಮಾರು 67,800 ಕೋಟಿ ಡಾಲರಿನದು. ಸಾಫ್ಟ್‌ವೇರ್ ಮೊದಲಾದ ಸೇವೆಗಳ ಗಳಿಕೆ ಮತ್ತು ಪರದೇಶದಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ ಈ ಕಂದರವನ್ನು ಬಹುಮಟ್ಟಿಗೆ ತುಂಬುತ್ತವೆ. ಮನೆಗೆ ಬರುವ ಈ ಹಣವೇ 2024ರಲ್ಲಿ ಸುಮಾರು 12,900 ಕೋಟಿ ಡಾಲರ್ ಎಂದು ವಿಶ್ವಬ್ಯಾಂಕು ಅಂದಾಜು ಮಾಡಿದೆ. ಲೋಕದಲ್ಲಿ ಬೇರಾವ ದೇಶಕ್ಕೂ ಇಷ್ಟು ಬರುವುದಿಲ್ಲ. ಇಷ್ಟಾದರೂ ಸಾಮಾನ್ಯವಾಗಿ ವರ್ಷದ ಕೊನೆಗೆ ಲೆಕ್ಕ ಸ್ವಲ್ಪ ಕೊರತೆಯಲ್ಲೇ ನಿಲ್ಲುತ್ತದೆ. ಆದರೂ ಮೀಸಲು ಬೆಳೆದಿದೆಯಲ್ಲ, ಹೇಗೆ? ಪರದೇಶದವರು ಇಲ್ಲಿ ಹೂಡಿದ ಬಂಡವಾಳದಿಂದ, ಅನಿವಾಸಿಗಳು ಇಟ್ಟ ಠೇವಣಿಯಿಂದ, ನಮ್ಮ ಕಂಪನಿಗಳು ಹೊರಗೆ ಎತ್ತಿದ ಸಾಲದಿಂದ. 2025ರ ಮಾರ್ಚ್ ಅಂತ್ಯಕ್ಕೆ ನಮ್ಮ ಮೀಸಲು ಸುಮಾರು 66,800 ಕೋಟಿ ಡಾಲರ್ ಇದ್ದರೆ ದೇಶದ ಒಟ್ಟು ಹೊರಸಾಲ ಸುಮಾರು 73,600 ಕೋಟಿ ಡಾಲರ್ ಇತ್ತು.

ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಿದರೆ ವಿಷಯ ಬಹುಪಾಲು ತಿಳಿದಂತೆಯೇ. ನಮ್ಮ ಕಣಜದಲ್ಲಿರುವ ಭತ್ತದಲ್ಲಿ ನೆರೆಯವರು ಇಟ್ಟುಹೋದ ಚೀಲಗಳೂ ಇವೆ. ಅವರು ಬಂದು ಕೇಳಿದ ದಿನ ಕೊಡಬೇಕು. ಸಾಲದೆಂಬಂತೆ ಅವರೆಲ್ಲ ಕೇಳುವುದು ಒಂದೇ ದಿನ, ಊರಿಗೆ ಕಷ್ಟ ಬಂದ ದಿನವೇ. 2021ರ ಸೆಪ್ಟೆಂಬರಿನಲ್ಲಿ ಸುಮಾರು 64,200 ಕೋಟಿ ಡಾಲರ್ ಇದ್ದ ಮೀಸಲು 2022ರ ಅಕ್ಟೋಬರ್ ವೇಳೆಗೆ 52,500 ಕೋಟಿಯ ಹತ್ತಿರಕ್ಕೆ ಇಳಿದಿತ್ತು. ಉಕ್ರೇನ್ ಯುದ್ಧದಿಂದ ತೈಲ ದುಬಾರಿಯಾಗಿತ್ತು, ಅಮೆರಿಕದಲ್ಲಿ ಬಡ್ಡಿ ಏರುತ್ತಿತ್ತು, ಬಂಡವಾಳ ಹೊರಟು ನಿಂತಿತ್ತು. ರಿಸರ್ವ್ ಬ್ಯಾಂಕು ಡಾಲರ್ ಮಾರುತ್ತ ಬಂತು. ತನ್ನಲ್ಲಿದ್ದ ಸಾಲಪತ್ರಗಳ ಬೆಲೆಯೂ ಆಗ ತಗ್ಗಿತ್ತು. ರೂಪಾಯಿ ಇಳಿಯಿತು, ಆದರೆ ಬಿದ್ದುಹೋಗಲಿಲ್ಲ. ಆ ವರ್ಷ ಮಗನನ್ನು ಪರದೇಶದ ವಿಶ್ವವಿದ್ಯಾಲಯಕ್ಕೆ ಕಳಿಸಿದ ತಂದೆಗೆ ಶುಲ್ಕ ಹೆಚ್ಚೆನಿಸಿದ್ದು ನಿಜ. ಮೀಸಲು ಇಲ್ಲದಿದ್ದರೆ ಕಟ್ಟುವುದೇ ಸಾಧ್ಯವಾಗುತ್ತಿರಲಿಲ್ಲವೇನೋ.

1991ರಲ್ಲಿ ನಾವು ಅಂಥ ಅಂಚಿಗೆ ಹೋಗಿ ನಿಂತಿದ್ದೆವು. ಆ ವರ್ಷದ ಮಧ್ಯಭಾಗದಲ್ಲಿ ಕೈಯಲ್ಲಿದ್ದದ್ದು ಸುಮಾರು ನೂರಹತ್ತು ಕೋಟಿ ಡಾಲರ್, ಎರಡು ವಾರದ ಆಮದಿಗೆ ಸಾಕಾಗುವಷ್ಟು. ಮೇ ತಿಂಗಳಲ್ಲಿ 20 ಟನ್ ಚಿನ್ನವನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕಿಗೆ, ಮರಳಿ ಕೊಳ್ಳುವ ಕರಾರಿನ ಮೇಲೆ ಮಾರಲಾಯಿತು. ಜುಲೈನಲ್ಲಿ ಇನ್ನೂ ಸುಮಾರು 47 ಟನ್ ಚಿನ್ನವನ್ನು ವಿಮಾನದಲ್ಲಿ ಲಂಡನ್ನಿಗೆ ಒಯ್ದು, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರ್ ಸಾಲ ಪಡೆಯಲಾಯಿತು. ಮನೆಯ ಹೆಂಗಸರ ಬಳೆ ಅಡವಿಟ್ಟು ರೇಷನ್ ತಂದ ಹಾಗೆ ಎಂದು ಜನ ಆಡಿಕೊಂಡರು. ಇಂದಿನ ವಿದ್ಯಾರ್ಥಿಗಳು ಆಗ ಹುಟ್ಟಿರಲಿಲ್ಲ; ಅವರ ತಂದೆ-ತಾಯಿಗಳಲ್ಲಿ ಹಲವರಿಗೆ ನೆನಪಿದ್ದೀತು.

ಇನ್ನು ರಸ್ತೆಯ ಪ್ರಶ್ನೆ. 2003ರ ಡಿಸೆಂಬರಿನಲ್ಲಿ ಮೀಸಲು ಮೊದಲ ಬಾರಿಗೆ 10 ಸಾವಿರ ಕೋಟಿ ಡಾಲರ್ ದಾಟಿದ ಮೇಲೆ, 2004ರಲ್ಲಿ ಯೋಜನಾ ಆಯೋಗವೇ ಇದರ ಒಂದಂಶವನ್ನು ರಸ್ತೆ, ವಿದ್ಯುತ್ತು, ಬಂದರುಗಳಿಗೆ ಬಳಸೋಣವೆಂದಿತು. ಅರ್ಥಶಾಸ್ತ್ರಜ್ಞರಲ್ಲಿ ಜೋರು ಚರ್ಚೆ ನಡೆಯಿತು. ಆಕ್ಷೇಪ ಸರಳವಾಗಿತ್ತು. ಜೋಯಿಡಾದಲ್ಲಿ ರಸ್ತೆ ಮಾಡಲು ಬೇಕಾದದ್ದು ಜಲ್ಲಿಕಲ್ಲು, ಕೂಲಿ ಆಳು, ರೋಲರು. ಇವರಾರೂ ಡಾಲರ್ ಕೇಳುವುದಿಲ್ಲ. ಡಾಲರನ್ನು ರೂಪಾಯಿಗೆ ಬದಲಿಸಬೇಕೆಂದರೆ ಅದನ್ನು ಕೊಳ್ಳಬೇಕಾದವರು ಮತ್ತೆ ರಿಸರ್ವ್ ಬ್ಯಾಂಕಿನವರೇ. ಒಂದು ಡಾಲರಿಗೆ ಎರಡು ಸಲ ರೂಪಾಯಿ ಸೃಷ್ಟಿಸಿದಂತಾಯಿತು. ನೋಟು ಮುದ್ರಿಸಿ ರಸ್ತೆ ಮಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಹೊರಗಿನಿಂದ ಯಂತ್ರ ತರಿಸಬೇಕಾದಲ್ಲಿ ಮಾತ್ರ ಡಾಲರಿಗೆ ನಿಜವಾದ ಕೆಲಸ. ಕೊನೆಗೆ ನಡುದಾರಿಯೊಂದು ಹೊರಟಿತು: 2006ರಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುವ ಸರ್ಕಾರಿ ಕಂಪನಿಯೊಂದು ಆರಂಭವಾಯಿತು, 2008ರಲ್ಲಿ ಅದರ ಲಂಡನ್ ಶಾಖಾ ಕಂಪನಿಗೆ ಮೀಸಲಿನಿಂದ 500 ಕೋಟಿ ಡಾಲರ್‌ವರೆಗೆ ಸಾಲ ಕೊಡಲು ಅವಕಾಶ ಮಾಡಲಾಯಿತು, ಅದೂ ಭಾರತದ ಯೋಜನೆಗಳು ಹೊರಗಿನಿಂದ ತರಿಸುವ ಯಂತ್ರೋಪಕರಣಕ್ಕೆ, ಸರ್ಕಾರದ ಖಾತರಿಯ ಮೇಲೆ. ದಾರಿ ಕಿರಿದಾದರೂ ಸರಿಯಾದದ್ದೇ ಎನ್ನಬೇಕು.

ಮೀಸಲಿನಿಂದ ಸರ್ಕಾರಕ್ಕೆ ಏನೂ ಸಿಗುವುದಿಲ್ಲವೆಂದಲ್ಲ. ಸಾಲಪತ್ರಗಳ ಬಡ್ಡಿ ಮತ್ತು ಡಾಲರ್ ಮಾರಿದಾಗ ಬರುವ ಲಾಭ ರಿಸರ್ವ್ ಬ್ಯಾಂಕಿನ ಆದಾಯದಲ್ಲಿ ಸೇರುತ್ತವೆ. ಆ ಬ್ಯಾಂಕು 2024-25ರ ಲೆಕ್ಕದಲ್ಲಿ ಕೇಂದ್ರಕ್ಕೆ ಒಪ್ಪಿಸಿದ ಹೆಚ್ಚುವರಿ 2,68,590 ಕೋಟಿ ರೂಪಾಯಿ. ರಸ್ತೆಗೆ ಹಣ ಬರುವ ಸರಿಯಾದ ಬಾಗಿಲು ಇದು. ಜಲಾಶಯದ ನೀರನ್ನು ಬರಿದು ಮಾಡದೆ, ಅದು ಹುಟ್ಟಿಸಿದ ವಿದ್ಯುತ್ತನ್ನು ಬಳಸಿಕೊಂಡಂತೆ.

ಭದ್ರತೆ ಎಂಬ ಮಾತಿನ ಅರ್ಥವೇ ಈಚೆಗೆ ಸ್ವಲ್ಪ ಬದಲಾಗಿದೆ. 2022ರಲ್ಲಿ ಉಕ್ರೇನಿನ ಮೇಲೆ ದಾಳಿ ಮಾಡಿದ ರಷ್ಯಾದ ಸುಮಾರು 30 ಸಾವಿರ ಕೋಟಿ ಡಾಲರ್ ಮೀಸಲನ್ನು ಪಾಶ್ಚಾತ್ಯ ದೇಶಗಳು ತಡೆಹಿಡಿದವು. ಸಾಲಪತ್ರ ಸುಳ್ಳಾಗಲಿಲ್ಲ, ಬ್ಯಾಂಕು ಮುಳುಗಲಿಲ್ಲ. ಯಜಮಾನನಿಗೆ ಮಾತ್ರ ಹಣ ಸಿಗಲಿಲ್ಲ. ಅಂದಿನಿಂದ ಹಲವು ದೇಶಗಳು ಚಿನ್ನದ ಕಡೆ ತಿರುಗಿವೆ. ಭಾರತ 2009ರಲ್ಲೇ ಅಂತಾರಾಷ್ಟ್ರೀಯ ಹಣಕಾಸು ನಿಧಿಯಿಂದ 670 ಕೋಟಿ ಡಾಲರ್ ಕೊಟ್ಟು 200 ಟನ್ ಕೊಂಡಿತ್ತು. 2025ರ ಮಾರ್ಚ್ ಅಂತ್ಯಕ್ಕೆ ನಮ್ಮ ಬಳಿ ಸುಮಾರು 880 ಟನ್ ಇತ್ತು. ಅದರಲ್ಲಿ 511 ಟನ್ನಿಗೂ ಹೆಚ್ಚು ಭಾರತದೊಳಗಿನ ಭಂಡಾರದಲ್ಲೇ. ಒಂದು ವರ್ಷದ ಹಿಂದೆ ಒಳಗಿದ್ದದ್ದು ಸುಮಾರು 408 ಟನ್. ನಡುವೆ ಇಂಗ್ಲೆಂಡಿನಿಂದ ನೂರು ಟನ್ನಿನಷ್ಟನ್ನು ಮನೆಗೆ ತರಲಾಯಿತು. ಚಿನ್ನ ಬಡ್ಡಿ ಕೊಡುವುದಿಲ್ಲ, ಬೆಲೆಯೂ ಏರಿಳಿಯುತ್ತದೆ. ಆದರೆ ಮನೆಯಲ್ಲಿದ್ದದ್ದನ್ನು ಬೇರೆಯವರು ತಡೆಹಿಡಿಯಲಾರರು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಪ್ರತಿ ಶುಕ್ರವಾರ ಸಂಜೆ ರಿಸರ್ವ್ ಬ್ಯಾಂಕು ಹೊರಡಿಸುವ ಕೋಷ್ಟಕವನ್ನು ನೋಡುವ ಅಭ್ಯಾಸ ಇಟ್ಟುಕೊಳ್ಳಬಹುದು. ಅದರಲ್ಲಿ ನಾಲ್ಕೇ ಸಾಲು: ವಿದೇಶಿ ಕರೆನ್ಸಿ ಆಸ್ತಿ, ಚಿನ್ನ, ಹಣಕಾಸು ನಿಧಿಯಿಂದ ವಿಶೇಷವಾಗಿ ಹಣ ಪಡೆಯುವ ಹಕ್ಕು, ಆ ನಿಧಿಯಲ್ಲಿ ನಮ್ಮ ಮೀಸಲು ಪಾಲು. ಮೊತ್ತ ಏರಿತೆಂದ ಮಾತ್ರಕ್ಕೆ ಹೊಸ ಡಾಲರ್ ಬಂತೆಂದೇ ತಿಳಿಯಬಾರದು. ಆಸ್ತಿಯ ಒಂದು ಭಾಗ ಯೂರೊ, ಪೌಂಡ್, ಯೆನ್‌ಗಳಲ್ಲಿದೆ; ಡಾಲರಿನ ಎದುರು ಅವು ಬಲಗೊಂಡರೂ ಮೊತ್ತ ಏರುತ್ತದೆ, ಚಿನ್ನದ ದರ ಏರಿದರೂ ಏರುತ್ತದೆ. ಆ ವಾರ ನಿಜವಾಗಿ ಏನಾಯಿತೆಂದು ತಿಳಿಯಲು ಚಿನ್ನದ ಸಾಲನ್ನು ಬಿಟ್ಟು ಮೊದಲ ಸಾಲನ್ನು ನೋಡಬೇಕು, ಜತೆಗೆ ಯೂರೊ ದರವನ್ನೂ.